ಬಾವಿಯೊಳಗಿನ ಆಮೆ

ಹಾವು, ಹಲ್ಲಿ, ಆಮೆಗಳನ್ನು ಮನೆಯೊಳಗಿಟ್ಟು ಸಾಕುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಒಂದು ತೀರ್ಪು ಸಿದ್ಧವಾಗಿತ್ತು. ದುಡ್ಡು ಹೆಚ್ಚಾದವರು, ನಾಲ್ಕು ಜನ ತಿರುಗಿ ನೋಡಲಿ ಎಂದು ಹಾತೊರೆಯುವವರು, ಕೊರಳಿಗೆ ಹೆಬ್ಬಾವು ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುವವರು. ಈ ತೀರ್ಪಿನ ಬೆನ್ನಿಗೇ ಒಂದು ಹೆಮ್ಮೆಯೂ ಅಂಟಿಕೊಂಡಿತ್ತು: ನಾವು ಹಾಗಲ್ಲ, ನಾವು ನಾಗನನ್ನು ನಂಬಿದ ಜನ, ಬೇರೆಯವರು ಹಾವಿಗೆ ಪೆಟ್ಟಿಗೆ ಮಾಡಿದರೆ ನಾವು ನಾಗಬನ ಬಿಟ್ಟುಕೊಟ್ಟಿದ್ದೇವೆ. ಬ್ಯಾಂಕಿನಲ್ಲಿದ್ದಾಗ ಊಟದ ಹೊತ್ತಿನ ಹರಟೆಯಲ್ಲಿ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಕರಾವಳಿಯವಳು ನಾಗನ ಬಗ್ಗೆ ಮಾತಾಡಿದರೆ ಬೆಂಗಳೂರಿನಲ್ಲಿ ಯಾರೂ ಎದುರಾಡುವುದಿಲ್ಲ.

ಈ ಹೆಮ್ಮೆಯ ಹೊಲಿಗೆ ಬಿಚ್ಚತೊಡಗಿದ್ದು ಓಸ್ಲೊದಲ್ಲಿ. ತಂಗಿಯ ಮಗ ಅಲ್ಲಿ ಕೆಲಸದಲ್ಲಿದ್ದಾನೆ, ಇನ್ನೊಬ್ಬ ಹುಡುಗನ ಜೊತೆ ಸೇರಿ ಮನೆ ಮಾಡಿದ್ದಾನೆ. ಆ ಹುಡುಗ ಅಲ್ಲಿಯವನೇ, ಶಾಲೆಯ ಮಕ್ಕಳಿಗೆ ಮರಗೆಲಸ ಕಲಿಸುತ್ತಾನೆ. ನಾನು ಹೊರಡುವ ಮೊದಲು ಫೋನಿನಲ್ಲಿ ತಂಗಿಯ ಮಗ ಹೇಳಿದ: "ದೊಡ್ಡಮ್ಮ, ಒಂದು ವಿಷಯ. ಮನೆಯಲ್ಲಿ ಹಾವುಂಟು." ನಮ್ಮೂರಿನಲ್ಲಿ ಈ ಮಾತಿಗೆ ಒಂದೇ ಮರುಪ್ರಶ್ನೆ. ನಾನೂ ಅದನ್ನೇ ಕೇಳಿದೆ: "ಹಿಡಿಯುವವರಿಗೆ ಹೇಳಿ ಕಳಿಸಿದಿರಾ?"

ಹಾವು ಸಾಕುವುದು ನಾರ್ವೆಯವರಿಗೂ ಹಳೆಯ ರೂಢಿಯಲ್ಲ. 1976ರಿಂದ ಅಲ್ಲಿ ಸರೀಸೃಪಗಳನ್ನು ಮನೆಯಲ್ಲಿ ಸಾಕುವುದಕ್ಕೇ ನಿಷೇಧವಿತ್ತು. 2017ರ ಆಗಸ್ಟಿನಲ್ಲಿ 19 ಜಾತಿಗಳ ಒಂದು ಪಟ್ಟಿ ಮಾಡಿ ಅಷ್ಟಕ್ಕೆ ಮಾತ್ರ ಅನುಮತಿ ಕೊಟ್ಟರು. ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಅದರಲ್ಲಿದೆ, ಅಮೆರಿಕದ ಕಾರ್ನ್ ಸ್ನೇಕ್, ನಮ್ಮ ಉಪಖಂಡದ ವಾಯವ್ಯ ಮೂಲೆಯ ಲೆಪರ್ಡ್ ಗೆಕ್ಕೊ ಹಲ್ಲಿ, ಆಸ್ಟ್ರೇಲಿಯಾದ ಗಡ್ಡದ ಓತಿ ಇವೆ. ನಿಷೇಧವಿದ್ದಷ್ಟು ಕಾಲವೂ ಸಾಕುವವರು ಕದ್ದು ಸಾಕುತ್ತಲೇ ಇದ್ದರಂತೆ. ಹಾವಿಗೆ ಕಾಯಿಲೆಯಾದರೆ ಪಶುವೈದ್ಯರ ಬಳಿ ಒಯ್ಯುವ ಧೈರ್ಯವಿರಲಿಲ್ಲವಂತೆ. ಅದೇ ಉತ್ತರ ಯುರೋಪಿನ ಐಸ್‌ಲ್ಯಾಂಡ್ ಇಂದಿಗೂ ಸಾಕಲು ಬಿಡುವುದಿಲ್ಲ. ನ್ಯೂಜಿಲೆಂಡಿನಲ್ಲಿ ಹಾವು ಮೃಗಾಲಯಕ್ಕೂ ಬರುವಂತಿಲ್ಲ. ಹೀಗೆ, ಪಶ್ಚಿಮದವರೆಲ್ಲ ಹಾವು ಸಾಕುತ್ತಾರೆ ಎಂಬ ನನ್ನ ಒಂದು ಸಾಲಿನ ತಿಳಿವಳಿಕೆ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲೇ ಕೆಟ್ಟಿತು.

ಇವರ ಹಾವು ಬಾಲ್ ಪೈಥಾನ್. ಅದರ ಪೆಟ್ಟಿಗೆ ನಡುಮನೆಯ ಗೋಡೆಗೆ ಒತ್ತಿಕೊಂಡಿತ್ತು. ಮರಗೆಲಸದ ಹುಡುಗ ತಾನೇ ಮಾಡಿದ್ದು, ಮುಂದೆ ಜಾರುವ ಗಾಜು. ಒಂದು ತುದಿಯಲ್ಲಿ 31 ಡಿಗ್ರಿ, ಇನ್ನೊಂದು ತುದಿಯಲ್ಲಿ 26. ಎರಡು ಕಡೆಗೂ ಪುಟ್ಟ ಮಾಪಕ. ನೆಲಕ್ಕೆ ತೆಂಗಿನ ನಾರಿನ ಪುಡಿ. ಅದೊಂದೇ ನನ್ನ ಪರಿಚಯದ ವಸ್ತು. ಹಾವು ಕಾಣಿಸಲಿಲ್ಲ, ಕವುಚಿದ ಮಡಕೆಯಂಥದ್ದರೊಳಗೆ ಸುರುಳಿ ಸುತ್ತಿ ಕೂತಿತ್ತು. ಊಟದ ದಿನ ಫ್ರೀಜರಿನಿಂದ ಇಲಿಯ ಪೊಟ್ಟಣ ಬಂತು. ನಾನು ಊರಿನಿಂದ ಒಯ್ದಿದ್ದ ತೆಂಗಿನತುರಿಯ ಪೊಟ್ಟಣದ ಪಕ್ಕದಲ್ಲೇ ಅದು ಇಷ್ಟು ದಿನ ಇತ್ತು ಎಂದು ಆಗ ಗೊತ್ತಾಯಿತು. ಬಿಸಿನೀರಿನಲ್ಲಿ ಪೊಟ್ಟಣ ಮುಳುಗಿಸಿ, ಇಲಿ ಮೈಬಿಸಿಗೆ ಬಂದ ಮೇಲೆ ಉದ್ದ ಚಿಮುಟದಲ್ಲಿ ಹಿಡಿದು ಗಾಜು ಸರಿಸಿದ. ಮಡಕೆಯ ಬಾಯಲ್ಲಿ ಮೊದಲು ಮೂತಿ ಬಂತು. ಮೇಲ್ದುಟಿಯ ಉದ್ದಕ್ಕೂ ಸೂಜಿಯಿಂದ ಚುಚ್ಚಿದಂತೆ ಸಾಲು ಗುಳಿಗಳು. ಅವು ಬಿಸಿಯನ್ನು ಗ್ರಹಿಸುವ ಅಂಗಗಳು, ಕತ್ತಲಲ್ಲಿ ಇಲಿಯ ಮೈಶಾಖವೇ ಅದಕ್ಕೆ ಗುರಿ. ಆಮೇಲೆ ಏನಾಯಿತೆಂದು ನಾನು ನೋಡಲಿಲ್ಲ, ಅಷ್ಟು ಬೇಗ ಮುಗಿಯಿತು. ಇಲಿ ಚಿಮುಟದಲ್ಲಿರಲಿಲ್ಲ, ಸುರುಳಿಯೊಳಗಿತ್ತು. ನುಂಗುವುದು ಮಾತ್ರ ನಿಧಾನ. ತಲೆಯ ಕಡೆಯಿಂದ ಶುರು, ಬಲದವಡೆ ಒಂದು ಹೆಜ್ಜೆ, ಎಡದವಡೆ ಒಂದು ಹೆಜ್ಜೆ. ಮುಗಿದ ಮೇಲೆ ಎರಡು ಸಲ ಬಾಯಿ ಅಗಲಿಸಿ ದವಡೆ ಸರಿಮಾಡಿಕೊಂಡು ಮಡಕೆಯೊಳಗೆ ಹೋಯಿತು. ಇನ್ನು ಹತ್ತು ಹನ್ನೆರಡು ದಿನ ಅದಕ್ಕೆ ಯಾರೂ ಬೇಡ.

ನಾನು ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ನಿನ್ನ ಗುರುತು ಸಿಗುತ್ತದಾ?"

"ಇಲ್ಲ" ಎಂದ ಹುಡುಗ. ತಂಗಿಯ ಮಗ ನಡುವೆ ನಿಂತು ಕನ್ನಡಕ್ಕೆ ತಿರುಗಿಸುತ್ತಿದ್ದ. "ಹೆದರಬೇಕಾಗಿಲ್ಲ ಎಂದು ಗೊತ್ತಾಗಿದೆ, ಅಷ್ಟೇ. ನಾನು ಹೋಗಿ ಇನ್ನೊಬ್ಬ ಬಂದರೂ ಅದಕ್ಕೇನೂ ಅನ್ನಿಸುವುದಿಲ್ಲ."

"ಮತ್ತೆ ಯಾಕೆ ಸಾಕುತ್ತೀ?"

ಅವನು ಈ ಪ್ರಶ್ನೆಯನ್ನು ಬಹಳ ಕೇಳಿದವನಂತೆ ಭುಜ ಕುಣಿಸಿದ. ನೋಡುವುದಕ್ಕೆ ಎಂದ. ಹೆಸರು ಇಟ್ಟಿಲ್ಲವಾ ಎಂದರೆ, ಕರೆದರೆ ಬರುವುದಿಲ್ಲವಲ್ಲ ಎಂದ.

ಹೆಸರೂ ಇಲ್ಲದ, ಗುರುತೂ ಹಿಡಿಯದ ಒಂದು ಪ್ರಾಣಿಗೆ ಇಪ್ಪತ್ತು ಮೂವತ್ತು ವರ್ಷ ದಿನಾ ಎರಡು ಹೊತ್ತು ಉಷ್ಣಾಂಶ ನೋಡುವ ಈ ಸಂಬಂಧ ನನಗೆ ಹಿಡಿಸಲಿಲ್ಲ. ಹಿಡಿಸದ ಕಾರಣವನ್ನು ಹುಡುಕುತ್ತ ಹೋದರೆ ನನ್ನ ಬಗ್ಗೆಯೇ ಒಂದು ಸಂಗತಿ ಕೈಗೆ ಸಿಕ್ಕಿತು, ಅದನ್ನು ಹೇಳುವುದಕ್ಕೆ ಈಗಲೂ ಸ್ವಲ್ಪ ಮುಜುಗರ. ಹಾವು ನನ್ನನ್ನು ಗುರುತಿಸುತ್ತದೆ ಎಂದೇ ನಾನು ಬದುಕಿನುದ್ದಕ್ಕೂ ನಂಬಿಕೊಂಡು ಬಂದವಳು. ನನ್ನ ಕುಟುಂಬ ಯಾವುದು, ಬನಕ್ಕೆ ತಂಬಿಲದ ಪೂಜೆ ಎಷ್ಟು ವರ್ಷದಿಂದ ಬಾಕಿ, ಮುತ್ತಜ್ಜನ ಕಾಲದಲ್ಲಿ ಗದ್ದೆ ಉಳುವಾಗ ಯಾರ ನೇಗಿಲಿಗೆ ಸಿಕ್ಕಿ ಯಾವ ನಾಗ ಸತ್ತಿತು, ಇದೆಲ್ಲ ಅದಕ್ಕೆ ನೆನಪಿದೆ ಎಂಬ ನಂಬಿಕೆ. ಮದುವೆಯಾಗಿ ಏಳೆಂಟು ವರ್ಷ ಮಕ್ಕಳಾಗದೆ ಇದ್ದಾಗ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದೆವು, ಸರ್ಪ ಸಂಸ್ಕಾರವೂ ಆಯಿತು. ಆ ದಿನಗಳಲ್ಲಿ ನಾನು ನಾಗನ ಬಗ್ಗೆ ಯೋಚಿಸಿದಷ್ಟು ಗಂಡನ ಬಗ್ಗೆಯೂ ಯೋಚಿಸಿಲ್ಲ. ಆದರೆ ಯೋಚಿಸಿದ್ದು ಏನನ್ನು? ಹಳೆಯ ಸಾಲದ ಖಾತೆಯೊಂದನ್ನು ಬಡ್ಡಿಸಹಿತ ಮುಗಿಸಿದರೆ ಹೊಸ ಮಂಜೂರಾತಿ ಸಿಗುತ್ತದೆ ಎಂದು ಕೌಂಟರಿನ ಮುಂದೆ ನಿಂತ ಗಿರಾಕಿಯ ಹಾಗೆ ನಿಂತಿದ್ದೆ. ಆಮೇಲೆ ಮಗಳು ಹುಟ್ಟಿದಳು. ವ್ಯವಹಾರ ನೇರಾಯಿತು ಎಂದುಕೊಂಡೆ, ವರ್ಷಕ್ಕೊಮ್ಮೆ ಹಣ್ಣುಕಾಯಿ ಕಳಿಸಿದೆ.

ಆ ಪ್ರಾರ್ಥನೆ ಸುಳ್ಳೆಂದು ನಾನು ಹೇಳಲಾರೆ. ಅದನ್ನು ಮಾಡಿದ ಹೆಂಗಸಿನ ನೋವು ಸುಳ್ಳಲ್ಲ. ಆದರೆ ಅದರಲ್ಲಿ ಹಾವು ಎಲ್ಲಿತ್ತು? ಹರಿದಾಡುವ, ಪೊರೆ ಬಿಡುವ, ಕಪ್ಪೆ ನುಂಗುವ, ಹಾಲು ಜೀರ್ಣಿಸಿಕೊಳ್ಳಲಾರದ ಆ ಜೀವಿ ನನ್ನ ಭಕ್ತಿಯ ಯಾವ ಮೂಲೆಯಲ್ಲೂ ಇರಲಿಲ್ಲ. ಕಲ್ಲ ನಾಗರ ಮತ್ತು ದಿಟದ ನಾಗರದ ಮಾತನ್ನು ಬಸವಣ್ಣ 12ನೇ ಶತಮಾನದಲ್ಲೇ ಹೇಳಿಬಿಟ್ಟಿದ್ದಾನೆ, ನಾನು ಅದಕ್ಕೆ ಸೇರಿಸುವುದೇನಿಲ್ಲ. ಸಣ್ಣ ತಿದ್ದುಪಡಿಯೊಂದೇ: ನಮ್ಮ ಪುತ್ತೂರು ಕಡೆ ದಿಟದ ನಾಗರವನ್ನೂ ಕೊಲ್ಲುವುದಿಲ್ಲ, ಸತ್ತು ಬಿದ್ದದ್ದು ಕಂಡರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುತ್ತೇವೆ. ಆ ಪುಣ್ಯವನ್ನೆಲ್ಲ ಮಿಕ್ಕ ಹಾವುಗಳ ಮೇಲೆ ತೀರಿಸಿಕೊಳ್ಳುತ್ತೇವೆ. ಕಟ್ಟುಹಾವು, ಕೊಳಕುಮಂಡಲ ಸರಿ, ಹೆದರಿ ಹೊಡೆದರು ಎನ್ನೋಣ. ಇಲಿ ತಿಂದು ನಮ್ಮ ಭತ್ತ ಉಳಿಸುವ ಕೇರೆಹಾವನ್ನೂ ಹೊಡೆದದ್ದು ನೋಡಿದ್ದೇನೆ. ಓತಿಕ್ಯಾತಕ್ಕೆ ಕಲ್ಲು ಹೊಡೆಯುವುದು ನನ್ನ ಅಣ್ಣಂದಿರಿಗೆ ಆಟ. ಮುಂದೆ ಅವರಲ್ಲೊಬ್ಬ ತೇಜಸ್ವಿಯವರ 'ಕರ್ವಾಲೊ' ಓದಿ ಹಾರುವ ಓತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ. ಕಲ್ಲಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಲ್ಲಿಯ ಕಥೆ ಇನ್ನೂ ತಮಾಷೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಕುಟ್ಟಿ 'ಕೃಷ್ಣ ಕೃಷ್ಣ, ಸತ್ಯ' ಎನ್ನುತ್ತೇವೆ. ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಂಚಾಂಗ ತೆಗೆಯುತ್ತೇವೆ. ಕಂಚಿಗೆ ಹೋದರೆ ವರದರಾಜನ ದರ್ಶನದಷ್ಟೇ ಮುಖ್ಯವಾಗಿ ಅಲ್ಲಿನ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿಯನ್ನು ಮುಟ್ಟಿ ಬರುತ್ತೇವೆ. ಮನೆಗೆ ಬಂದು ಪೊರಕೆ ಹಿಡಿಯುತ್ತೇವೆ. ಓಸ್ಲೊದ ಸಾಕುಪ್ರಾಣಿ ಅಂಗಡಿಯಲ್ಲಿ ಲೆಪರ್ಡ್ ಗೆಕ್ಕೊ ಒಂದನ್ನು ಅಂಗೈಗೆ ತೆಗೆದುಕೊಳ್ಳುವಿರಾ ಎಂದು ಕೇಳಿದಾಗ ನಾನು ಕೈ ಹಿಂದಕ್ಕೆಳೆದುಕೊಂಡೆ. ಅದಕ್ಕೆ ರೆಪ್ಪೆ ಇತ್ತು. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಇದು ನನ್ನ ಕಣ್ಣಿಗೆ ಬಿದ್ದದ್ದು ಆ ಅಂಗಡಿಯಲ್ಲಿ. ಜೀವಮಾನವಿಡೀ ಅದು ನನ್ನ ಅಡುಗೆಮನೆಯ ಟ್ಯೂಬ್‌ಲೈಟಿನ ಹಿಂದೆ ಇದ್ದರೂ.

ಆದರೂ ಒಂದು ವಾದದಲ್ಲಿ ನಾನು ಗೆಲ್ಲುತ್ತೇನೆಂದು ನಂಬಿದ್ದೆ. ನಾವು ಏನೇ ಮಾಡಿದರೂ ಕೂಡಿಹಾಕಿಲ್ಲವಲ್ಲ! ರಾತ್ರಿ ಊಟಕ್ಕೆ ಕೂತಾಗ ಹೇಳಿಯೂ ಬಿಟ್ಟೆ. ತಂಗಿಯ ಮಗ ತಟ್ಟೆಯಿಂದ ತಲೆಯೆತ್ತಿ, "ಅಜ್ಜನ ಮನೆಯ ಬಾವಿಯಲ್ಲಿದ್ದದ್ದು?" ಎಂದ.

ಬಾವಿಯಲ್ಲಿ ಆಮೆ ಇತ್ತು. ನಮ್ಮ ಕಡೆ, ಕೇರಳದ ಕಡೆಯೂ, ನೀರು ಚೊಕ್ಕಟವಿರಲೆಂದು ಬಾವಿಗೆ ಆಮೆ ಬಿಡುವುದು ಹಳೆಯ ಪದ್ಧತಿ. ಹುಳಹುಪ್ಪಟೆ ತಿನ್ನುತ್ತದೆ ಎಂಬ ಲೆಕ್ಕ, ಶುಭ ಎಂಬ ಲೆಕ್ಕವೂ ಉಂಟು. ನಮ್ಮದು ಕಪ್ಪು ಆಮೆ. ಯಾರು ಬಿಟ್ಟದ್ದೆಂದು ಅಮ್ಮನಿಗೂ ಗೊತ್ತಿರಲಿಲ್ಲ, ಅವಳು ಮದುವೆಯಾಗಿ ಬರುವಾಗಲೇ ಇತ್ತಂತೆ. ಕೊಡಪಾನ ಇಳಿದ ಸದ್ದಿಗೆ ಮುಳುಗುತ್ತಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಕೆಂಪುಕಲ್ಲಿನ ಸಂದಿಗೆ ಮುಂಗಾಲು ಹಾಕಿ ಮೇಲೇರಲು ನೋಡುವುದು, ಒಂದು ಮಾರು ಏರಿ ಬೀಳುವುದು. ನಾವು ಮಕ್ಕಳು ಕಟ್ಟೆಗೆ ಹೊಟ್ಟೆಯೂರಿ ಅದನ್ನು ನೋಡುತ್ತಿದ್ದೆವು, ಆಟವಾಡುತ್ತಿದೆ ಎಂದುಕೊಳ್ಳುತ್ತಿದ್ದೆವು. ಮೇ ತಿಂಗಳಲ್ಲಿ ಕೆಸರು ತೆಗೆಯುವ ದಿನ ಆಳು ಅದನ್ನು ಹೆಡಿಗೆಯಲ್ಲಿಟ್ಟು ಮೇಲೆ ಕಳಿಸುತ್ತಿದ್ದ. ಸಂಜೆಯವರೆಗೆ ಅಡಿಕೆಹಾಳೆಯ ನೆರಳಲ್ಲಿ ತಾಮ್ರದ ಹಂಡೆಯೊಳಗೆ ಇರುತ್ತಿತ್ತು. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು. ತೋಡು ಅಲ್ಲಿಂದ ಕೂಗಳತೆ. ಹಂಡೆ ಬಗ್ಗಿಸಿದ್ದರೆ ತಾನೇ ನಡೆದು ಹೋಗುತ್ತಿತ್ತು. ಕತ್ತಲಾಗುವ ಮುಂಚೆ ಮತ್ತೆ ಹೆಡಿಗೆಯಲ್ಲಿ ಕೆಳಗಿಳಿಸುತ್ತಿದ್ದರು.

ಆ ಜಾತಿಯ ಆಮೆ ಮೊಟ್ಟೆಯಿಡಲು ನೆಲಕ್ಕೆ ಬರಬೇಕು, ರಾತ್ರಿ ಮೇವಿಗೆ ದಡ ಹತ್ತುತ್ತದೆ, ಬೆಳಿಗ್ಗೆ ಬಿಸಿಲು ಕಾಯಿಸುತ್ತದೆ. ಮೂರು ತಲೆಮಾರು ಅದನ್ನು ಆರಡಿ ಅಗಲದ ಕತ್ತಲಲ್ಲಿ ಇಟ್ಟುಕೊಂಡವರು ನಾವು. ಒಬ್ಬರೂ ಕೆಟ್ಟವರಾಗಿರಲಿಲ್ಲ. ಅದು ಸೆರೆ ಎಂಬ ಯೋಚನೆಯೇ ಯಾರ ತಲೆಗೂ ಬಂದಿರಲಿಲ್ಲ, ಏಕೆಂದರೆ ಬಾವಿಗೆ ಗಾಜಿರಲಿಲ್ಲ. ಇಂಗ್ಲೆಂಡಿನವರು ಮೊರೊಕ್ಕೊ, ಗ್ರೀಸ್ ಕಡೆಯ ಆಮೆಗಳನ್ನು ವರ್ಷವರ್ಷವೂ ರಾಶಿರಾಶಿ ತರಿಸಿ, ಹಿತ್ತಲಿನಲ್ಲಿ ಬಿಟ್ಟು, ಮೊದಲ ಚಳಿಗಾಲಕ್ಕೇ ಎಷ್ಟನ್ನೋ ಕಳೆದುಕೊಂಡ ಕಥೆಯನ್ನು ಹಿಂದೊಮ್ಮೆ ಓದಿ ಎಷ್ಟು ದಡ್ಡರು ಎಂದು ನಕ್ಕಿದ್ದೆ. 1984ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಆ ಆಮದನ್ನು ನಿಲ್ಲಿಸಿತು. ನಮ್ಮ ಬಾವಿಗಳಿಗೆ ಅಂಥ ಆದೇಶ ಬೇಕೆಂದು ಯಾರಿಗೂ ಹೊಳೆದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಮಲಗಿದೆ. ಆದರೆ ಊರಿಗೆ ಮರಳಿದ ಮೇಲೆ ಆ ಬಾಲ್ ಪೈಥಾನಿನ ಹುಟ್ಟೂರಿನ ಬಗ್ಗೆ ಓದತೊಡಗಿದೆ, ಅದು ಇನ್ನೊಂದು ಬಾಗಿಲು ತೆರೆಯಿತು. ಆ ಹಾವು ಬೆನಿನ್, ಟೋಗೊ, ಘಾನಾ ಕಡೆಯದ್ದು. ಅಲ್ಲಿ ಅದರ ಇಷ್ಟದ ಜಾಗ ಇಲಿಬಿಲ ಮತ್ತು ಗೆದ್ದಲ ಹುತ್ತ. ಹುತ್ತ ಎಂಬುದನ್ನು ಓದಿ ನಾನು ನೆಟ್ಟಗೆ ಕೂತೆ. ಬೆನಿನ್‌ನ ಕರಾವಳಿಯಲ್ಲಿ ವಿದಾ ಎಂಬ ಊರಿದೆ. ಅಲ್ಲಿ ಈ ಹಾವು ದೇವರು; ದಾಂಗ್ಬೆ ಎಂದು ಪೂಜೆ. ಕ್ಪಸೆ ಎಂಬ ರಾಜ ವೈರಿಗಳಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಅಡಗಿದ್ದಾಗ ಹೆಬ್ಬಾವುಗಳು ಬಂದು ಕಾಪಾಡಿದವೆಂದೂ, ಆ ಋಣಕ್ಕೆ ಅವುಗಳಿಗೆ ಗುಡಿ ಕಟ್ಟಿಸಿದನೆಂದೂ ಕಥೆ. ಗುಡಿಯ ದುಂಡು ಕೋಣೆಯಲ್ಲಿ ಹತ್ತಾರು ಹಾವುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆಗಾಗ ರಾತ್ರಿ ಹೊರಗೆ ಬಿಡುತ್ತಾರೆ. ಅವು ಊರು ಸುತ್ತಿ, ಇಲಿಯೋ ಕೋಳಿಮರಿಯೋ ಹಿಡಿದು ಯಾರ ಮನೆಗಾದರೂ ನುಗ್ಗಿದರೆ ಆ ಮನೆಯವರು ಜೋಪಾನವಾಗಿ ಎತ್ತಿ ಗುಡಿಗೆ ತಂದು ಬಿಡುತ್ತಾರೆ. ಎದುರಿಗೇ ಕೆಥೊಲಿಕರ ದೊಡ್ಡ ಇಗರ್ಜಿ. ಅದಕ್ಕೂ ಇದಕ್ಕೂ ಜಗಳವಿಲ್ಲ.

ನಮ್ಮಂಥವರೇ ಎಂದು ಖುಷಿಯಾಯಿತು. ಮುಂದೆ ಓದಿದರೆ, ಸಾಕುಪ್ರಾಣಿ ಮಾರುಕಟ್ಟೆಗೆ ಇದೇ ಹಾವು ಇದೇ ಸೀಮೆಯಿಂದ ದಶಕಗಳಿಂದ ಲಕ್ಷಾಂತರ ಸಂಖ್ಯೆಯಲ್ಲಿ ಹೋಗಿದೆ. ಬಸುರಿ ಹಾವುಗಳನ್ನೂ ಮೊಟ್ಟೆಗಳನ್ನೂ ಬಿಲದಿಂದ ಅಗೆದು ತಂದು, ಮರಿ ಮಾಡಿಸಿ, ಬಟ್ಟೆಚೀಲಗಳಲ್ಲಿ ತುಂಬಿ ವಿಮಾನಕ್ಕೆ ಹಾಕುತ್ತಾರೆ. ಪೂಜೆ ಮಾಡುವವನೂ ಅಗೆಯುವವನೂ ಒಂದೇ ಊರಿನವರಾಗಿರಬೇಕೆಂದಿಲ್ಲ, ಆದರೆ ಒಂದೇ ನಾಡಿನವರು. ಇದನ್ನು ಓದಿ ನನಗೆ ಆಫ್ರಿಕಾದ ಬಗ್ಗೆ ಬೇಸರ ಬರಲಿಲ್ಲ, ನಮ್ಮ ಪತ್ರಿಕೆಗಳ ಒಳಪುಟ ನೆನಪಾಯಿತು. ಮಣ್ಣುಮುಕ್ಕ ಹಾವನ್ನು 'ಎರಡು ತಲೆಯದ್ದು, ಇಟ್ಟುಕೊಂಡರೆ ಧನಲಾಭ' ಎಂದು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಕರ್ನಾಟಕದಲ್ಲಿ ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಬಯಲಿನ ನಕ್ಷತ್ರ ಆಮೆಗಳು ಬ್ಯಾಂಕಾಕಿನ ಪೇಟೆಗೆ ಹೊರಟು ಚೆನ್ನೈಯಲ್ಲೋ ದೇವನಹಳ್ಳಿಯಲ್ಲೋ ಸಿಗುವುದೂ ಅಷ್ಟೇ ಮಾಮೂಲು. ಕೂರ್ಮಾವತಾರಕ್ಕೆ ಕೈಮುಗಿಯುವ ನಾಡು ನಮ್ಮದು. ಪೂಜೆಯಿದ್ದಲ್ಲಿ ಜೀವಕ್ಕೆ ಕಾವಲಿದೆ ಎಂಬ ನನ್ನ ನಂಬಿಕೆಗೆ ವಿದಾದಲ್ಲಿ ಅರ್ಧ ಬಲ ಸಿಕ್ಕಿತು, ಉಳಿದರ್ಧ ಅಲ್ಲೇ ಬಿದ್ದುಹೋಯಿತು.

ಜಪಾನಿನಲ್ಲೂ ಇಂಥದ್ದೇ ಎರಡು ಮುಖ. ಅಲ್ಲಿನ ಬೆಂಜೈತೆನ್ ದೇವಿ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆ ಹೋಗಿ ನೆಲೆಸಿದ ನಮ್ಮ ಸರಸ್ವತಿ. ಹಂಸದ ಬದಲು ಬಿಳಿ ಹಾವು ಅವಳ ದೂತ. ಇವಾಕುನಿ ಪಟ್ಟಣದ ಬಿಳಿ ಹಾವುಗಳನ್ನು ಸರ್ಕಾರ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿ ಕಾಪಾಡುತ್ತದೆ. ಅದೇ ದೇಶದ ಯೊಕೊಹಾಮಾದಲ್ಲಿ 2021ರ ಮೇ ತಿಂಗಳಲ್ಲಿ ಒಬ್ಬರು ಸಾಕಿದ್ದ ಮೂರೂವರೆ ಮೀಟರಿನ ಹೆಬ್ಬಾವು ತಪ್ಪಿಸಿಕೊಂಡಾಗ ಇಡೀ ಬಡಾವಣೆ ಬಾಗಿಲು ಹಾಕಿ ಕೂತಿತ್ತು. ಎರಡು ವಾರಕ್ಕೂ ಹೆಚ್ಚು ಹುಡುಕಿದ ಮೇಲೆ ಸಿಕ್ಕಿದ್ದು ಅದೇ ಕಟ್ಟಡದ ಅಟ್ಟದ ಮೇಲೆ. ಇಟಲಿಯ ಕೊಕುಲ್ಲೊ ಎಂಬ ಬೆಟ್ಟದೂರಿನ ಮಾದರಿ ಇವೆರಡಕ್ಕಿಂತ ನನಗೆ ಹಿಡಿಸಿತು. ಮೇ 1ರಂದು ಸಂತ ದೊಮೆನಿಕೊನ ಮೂರ್ತಿಗೆ ಜೀವಂತ ಹಾವುಗಳನ್ನು ಹಾರದಂತೆ ಹೊದಿಸಿ ಮೆರವಣಿಗೆ ಮಾಡುತ್ತಾರೆ. ಹಿಂದಿನ ವಾರಗಳಲ್ಲಿ ಊರವರೇ ಹಿಡಿದು ತಂದ ವಿಷವಿಲ್ಲದ ಹಾವುಗಳು ಅವು. ಹಬ್ಬ ಮುಗಿದ ಮೇಲೆ ಎಲ್ಲಿ ಹಿಡಿದರೋ ಅಲ್ಲಿಗೇ ಒಯ್ದು ಬಿಡುತ್ತಾರೆ. ಇಟ್ಟುಕೊಳ್ಳುವುದಕ್ಕೂ ಒಂದು ಅವಧಿ ಇರಬಹುದು ಎಂಬುದು ನನಗೆ ಹೊಸ ವಿಚಾರ.

ಇಷ್ಟೆಲ್ಲ ಓದಿದ ಮೇಲೆ ನಾನೊಂದು ಸಿದ್ಧಾಂತ ಕಟ್ಟಿಕೊಂಡೆ, ಸಿದ್ಧಾಂತ ಕಟ್ಟುವುದು ನನ್ನ ಚಟ. ಹಾವು ತಾನಾಗಿ ಮನೆಗೆ ಬರುವ ದೇಶದವರು ಅದನ್ನು ಪೂಜಿಸುತ್ತಾರೆ, ಬಾರದ ದೇಶದವರು ಮನೆಗೆ ತರುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ 58 ಸಾವಿರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ನಾರ್ವೆಯಲ್ಲಿ ಇರುವುದೇ ಮೂರು ಜಾತಿಯ ಹಾವು, ವಿಷವಿರುವುದು ಒಂದಕ್ಕೆ. ಕತ್ತಲಲ್ಲಿ ಸೌದೆಗೆ ಕೈಹಾಕಲು ಹೆದರಿ ಬೆಳೆದವಳಿಗೂ ಹಿಮದ ನಡುವೆ ಬೆಳೆದವನಿಗೂ ಹಾವು ಒಂದೇ ಪ್ರಾಣಿಯಾಗಿ ಕಾಣಬೇಕೆಂದರೆ ಹೇಗೆ? ಈ ಸಿದ್ಧಾಂತ ನನಗೆ ಬಹಳ ಒಪ್ಪಿತವಾಗಿತ್ತು, ನನ್ನ ತೀರ್ಪನ್ನೂ ಅವನ ಪೆಟ್ಟಿಗೆಯನ್ನೂ ಒಟ್ಟಿಗೇ ಕ್ಷಮಿಸುತ್ತಿತ್ತು. ಬರ್ಧಮಾನದ ಹಳ್ಳಿಗಳು ಅದನ್ನು ಹಾಳುಮಾಡಿದವು. ಪಶ್ಚಿಮ ಬಂಗಾಳದ ಮುಶಾರು, ಪೋಸ್ಲಾ ಮುಂತಾದ ಊರುಗಳಲ್ಲಿ ಹೆಡೆಯ ಮೇಲೆ ಒಂಟಿ ಉಂಗುರವಿರುವ ನಾಗರಗಳು ಝಾಂಕೇಶ್ವರಿ ಎಂಬ ಹೆಸರಿನಲ್ಲಿ ಮನೆ ಮನೆಯೊಳಗೆ ಓಡಾಡಿಕೊಂಡಿವೆ. ಅಡುಗೆಮನೆಯಲ್ಲೂ ಇರುತ್ತವೆ. ಯಾರೂ ಹಿಡಿದಿಟ್ಟಿಲ್ಲ, ಯಾರೂ ಓಡಿಸುವುದಿಲ್ಲ. ವಿಷ ಪೂರ್ತಿ ಇದೆ. ಅದನ್ನು ಸಾಕಣೆ ಎನ್ನಬೇಕೋ ಪೂಜೆ ಎನ್ನಬೇಕೋ, ಬಾಡಿಗೆಯಿಲ್ಲದ ಒಕ್ಕಲು ಎನ್ನಬೇಕೋ ತಿಳಿಯದೆ ಸಿದ್ಧಾಂತವನ್ನು ಕೈಬಿಟ್ಟೆ.

ಹಾಗಾದರೆ ಹಾವು ಸಾಕುವುದು ಸರಿಯೇ? ಮಗಳು ಹೀಗೆ ನೇರವಾಗಿ ಕೇಳಿದಳು. ಬೇಡ ಎಂದೇ ಈಗಲೂ ಹೇಳುತ್ತೇನೆ. ಆದರೆ 'ನಮ್ಮ ಸಂಸ್ಕೃತಿಯಲ್ಲಿ ಇಲ್ಲ' ಎಂಬ ಕಾರಣ ಕೊಡುವುದನ್ನು ಬಿಟ್ಟಿದ್ದೇನೆ. ಅದರ ಬದಲು ಫ್ಲೋರಿಡಾದ ಕಥೆ ಹೇಳುತ್ತೇನೆ. ಅಲ್ಲಿನ ಜನ ಬರ್ಮಾ ಹೆಬ್ಬಾವಿನ ಮರಿಗಳನ್ನು ಮುದ್ದಾಗಿವೆಯೆಂದು ಕೊಂಡರು. ಅವು ಹದಿನೈದು ಅಡಿ ಬೆಳೆದಾಗ ಜೌಗಿಗೆ ಬಿಟ್ಟರು. ಕೆಲವು ತಾವಾಗಿ ತಪ್ಪಿಸಿಕೊಂಡವು. 2000ದ ಹೊತ್ತಿಗೆ ಎವರ್‌ಗ್ಲೇಡ್ಸಿನಲ್ಲಿ ಅವು ಸಂಸಾರ ಹೂಡಿವೆ ಎಂಬುದು ಖಚಿತವಾಯಿತು. 2012ರ ಅಧ್ಯಯನದ ಪ್ರಕಾರ ಅಲ್ಲಿ ರಕೂನುಗಳು ಕಣ್ಣಿಗೆ ಬೀಳುವುದು ಶೇಕಡಾ 99ರಷ್ಟು ಇಳಿದುಹೋಗಿತ್ತು. 2017ರಲ್ಲಿ ಅಮೆರಿಕದವರು ತಮಿಳುನಾಡಿನಿಂದ ಇಬ್ಬರು ಇರುಳರನ್ನು ಕರೆಸಿಕೊಂಡರು: ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ಮಹಾಬಲಿಪುರದ ಹತ್ತಿರ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬಂದವರು. ಆ ಸಂಘದವರು ಹಾವುಗಳನ್ನು ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಹಾಕಿ ಕಾಡಿಗೆ ಬಿಡುತ್ತಾರೆ. ನಮ್ಮ ಆಸ್ಪತ್ರೆಗಳ ಔಷಧಿಗೆ ಬೇಕಾದ ವಿಷದಲ್ಲಿ ದೊಡ್ಡ ಪಾಲು ಆ ಮಡಕೆಗಳಿಂದ ಬಂದದ್ದು. ಈ ಇಬ್ಬರು ಭಾಷೆಯ ಗಂಧವಿಲ್ಲದ ದೇಶದಲ್ಲಿ, ಹುಲ್ಲು ಮಲಗಿದ ರೀತಿ ನೋಡಿ ಹಾವಿನ ದಾರಿ ಹಿಡಿದು, ಮೊದಲೆರಡು ವಾರದೊಳಗೇ 13 ಹೆಬ್ಬಾವು ಹಿಡಿದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ನನ್ನ ನಂಬಿಕೆಗೂ ಆ ಮರಗೆಲಸದ ಹುಡುಗನ ಕುತೂಹಲಕ್ಕೂ ಆಚೆ ಹಾವನ್ನು ಬಲ್ಲವರು ಇದ್ದಾರೆ, ಅವರಿಗೆ ಅದು ದುಡಿಮೆ. ಹಾವು ಕಚ್ಚಿದಾಗ ನನ್ನ ಜೀವ ಉಳಿಸುವುದು ಅವರ ಕೆಲಸವೇ ಹೊರತು ನನ್ನ ತಂಬಿಲವಲ್ಲ.

ನಮ್ಮ ಕಾನೂನು ಒಂದು ವಿಚಿತ್ರವನ್ನು ಮಾಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಲ್ಲಿನ ನಾಗರ, ಹೆಬ್ಬಾವು, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿದೇಶದ್ದರ ಬಗ್ಗೆ ಅದು ಬಹುಕಾಲ ಮೌನವಾಗಿತ್ತು. ಆ ಸಂದಿಯಲ್ಲಿ ಇಗುವಾನ, ಬಾಲ್ ಪೈಥಾನ್‌ಗಳು ನಮ್ಮ ಅಪಾರ್ಟ್‌ಮೆಂಟುಗಳಿಗೆ ನುಸುಳಿದವು. 2020ರಲ್ಲಿ ಕೇಂದ್ರ ಸರ್ಕಾರ, ಇದ್ದವರು ಸ್ವಇಚ್ಛೆಯಿಂದ ಹೇಳಿಕೊಳ್ಳಿ ಎಂದಿತು. 2022ರ ತಿದ್ದುಪಡಿ ಬಂದು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ನೋಂದಣಿ ಕಡ್ಡಾಯವಾಯಿತು. ಆದರೂ 2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಇಳಿದ ಒಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳಿದ್ದವು. ನಮ್ಮ ಕಟ್ಟಡದಲ್ಲೇ ಒಂದು ಮನೆಯವರು ಮಗನ ಹುಟ್ಟುಹಬ್ಬಕ್ಕೆ ಕೆಂಪುಕಿವಿಯ ಸ್ಲೈಡರ್ ಆಮೆ ತಂದಿದ್ದರು. ಬರುವಾಗ ಹಳೆಯ ರೂಪಾಯಿ ನಾಣ್ಯದಷ್ಟಿತ್ತು, ಊಟದ ತಟ್ಟೆಯಷ್ಟಾದ ಮೇಲೆ ಹತ್ತಿರದ ಕೆರೆಗೆ ಬಿಟ್ಟು ಬಂದರು. 'ಅಲ್ಲಿ ಆರಾಮಾಗಿರುತ್ತೆ ಆಂಟಿ' ಎಂದು ಆ ಹುಡುಗ ಹೇಳಿದ. ಆರಾಮಾಗಿಯೇ ಇರುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಿದೆ. ಆರಾಮ ತಪ್ಪುವುದು ಕೆರೆಯ ಹಳೆಯ ಆಮೆಗಳಿಗೆ.

ಓಸ್ಲೊದ ಹುಡುಗನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಅವನು ಕೊಂಡದ್ದು ಬಿಲದಿಂದ ಅಗೆದ ಹಾವಲ್ಲ, ಅಲ್ಲೇ ಪೆಟ್ಟಿಗೆಯಲ್ಲಿ ಹುಟ್ಟಿದ್ದು. ಬಿಟ್ಟರೂ ಆ ಚಳಿಯಲ್ಲಿ ಅದು ಬದುಕುವುದಿಲ್ಲ, ಕಾಡು ಕೆಡಿಸುವ ಭಯವಿಲ್ಲ. ಅದರಿಂದ ಅವನು ಏನನ್ನೂ ಕೇಳುವುದಿಲ್ಲ: ಗುರುತು, ಪ್ರೀತಿ, ಸಂತಾನ, ಚರ್ಮರೋಗಕ್ಕೆ ಪರಿಹಾರ ಯಾವುದನ್ನೂ. ಪೊರೆ ಬಿಡುವ ಮುಂಚೆ ಅದರ ಕಣ್ಣು ಹಾಲಿನಂತೆ ನೀಲಿಗಟ್ಟಿದಾಗ, ಈಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಗಾಜಿನ ಹತ್ತಿರ ಜೋರಾಗಿ ನಡೆಯಬೇಡಿ ಎಂದು ನಮಗೆಲ್ಲ ಹೇಳಿದ್ದ. ನಾಗನಿಗಾಗಿ ನಾನು ಯಾವತ್ತೂ ಹೆಜ್ಜೆ ಮೆತ್ತಗೆ ಇಟ್ಟವಳಲ್ಲ, ನನ್ನ ಕಾಲು ಉಳಿಸಿಕೊಳ್ಳಲು ಇಟ್ಟಿದ್ದೇನೆ. ಹಾಗೆಂದು ಆ ಪೆಟ್ಟಿಗೆಯನ್ನು ಒಪ್ಪಲೂ ನನ್ನಿಂದಾಗದು. ನಾಲ್ಕಡಿ ಉದ್ದ, ಎರಡಡಿ ಅಗಲ. ಬಾವಿಯಷ್ಟೂ ಇಲ್ಲ.

ಹೋದ ವರ್ಷ ನಮ್ಮ ಕುಟುಂಬದ ಬನದ ಜೀರ್ಣೋದ್ಧಾರಕ್ಕೆ ವಾಟ್ಸಾಪ್ ಗುಂಪು ಶುರುವಾಯಿತು. ಸುರಗಿ, ರೆಂಜೆ, ಹಾಲೆಮರ, ನಡುವೆ ಬೆತ್ತದ ಬಳ್ಳಿ, ಎರಡು ಹುತ್ತ, ಹಗಲಲ್ಲೂ ಒಬ್ಬರೇ ಹೋಗಲು ಅಂಜುವಂಥ ಮುಕ್ಕಾಲು ಎಕರೆ ಅದು. ಯೋಜನೆಯ ಪ್ರಕಾರ ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ತಗಡಿನ ಚಪ್ಪರ, ಕಾರು ನಿಲ್ಲಲು ಜಾಗ. ನಾನು ಮೊದಲ ಬಾರಿಗೆ ಗುಂಪಿನಲ್ಲಿ ಉದ್ದಕ್ಕೆ ಬರೆದೆ: ಮರ ಕಡಿದು ಹುತ್ತ ಮುಚ್ಚಿದರೆ ಹಾವು ಎಲ್ಲಿರಬೇಕು? ಹಿರಿಯರೊಬ್ಬರು ತಾಳ್ಮೆಯಿಂದ ಉತ್ತರಿಸಿದರು: "ಹಾವು ಎಲ್ಲಾದರೂ ಇರುತ್ತದೆ ಮಗಾ, ನಾಗ ಇಲ್ಲಿರಬೇಕು." ತಂಗಿಯ ಮಗ ಓಸ್ಲೊದಿಂದ ಒಂದು ಹೆಬ್ಬೆರಳಿನ ಚಿಹ್ನೆ ಹಾಕಿದ, ಯಾರ ಮಾತಿಗೆ ಎಂದು ಸ್ಪಷ್ಟವಾಗಲಿಲ್ಲ. ನಾಲ್ಕು ದಿನ ಚರ್ಚೆಯಾಗಿ ಒಂದು ಹುತ್ತ ಮತ್ತು ಅದರ ಮೇಲಿನ ಮರಗಳನ್ನು ಉಳಿಸುವುದು, ಕಾರಿನ ಜಾಗ ಆಚೆ ಗದ್ದೆಯಲ್ಲಿ ಮಾಡುವುದು ಎಂದು ತೀರ್ಮಾನವಾಯಿತು. ಮಿಕ್ಕಲ್ಲೆಲ್ಲ ಗ್ರಾನೈಟೇ. ನನ್ನ ಪಾಲಿನ ಹಣ ಕಳಿಸಿದ್ದೇನೆ. ಪ್ರತಿಷ್ಠೆಗೆ ಹೋಗುವುದೂ ನಿಶ್ಚಯ, ಮಗಳ ಜೊತೆ.